ಹಿರಿಯರ ಮತ ಮತ್ತು ಸಂಜೆಯ ಚರ್ಚೆ

ವ್ಯಾಪಾರಸ್ಥರಾದ ನಾವು ಅಡಿಕೆ ಕೊಳ್ಳುವಾಗ ಚೀಲಕ್ಕೆ ಕೈಹಾಕಿ, ಒಂದೆರಡನ್ನು ಒಡೆದು ನೋಡದೆ ದರ ಹೇಳುವುದಿಲ್ಲ. ಸುದ್ದಿಯ ವಿಷಯದಲ್ಲಿ ಮಾತ್ರ ನಮ್ಮ ಮನೆಗಳ ಹಿರಿಯರು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಸ್ವೀಕರಿಸುತ್ತಾರೆ.

ನಮ್ಮ ಎಣ್ಮಕಜೆಯಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಮಲಯಾಳದಲ್ಲಿ ‘ದೇಶಾಭಿಮಾನಿ’ ಮಾರ್ಕ್ಸ್‌ವಾದಿ ಪಕ್ಷದ್ದು, ‘ಚಂದ್ರಿಕಾ’ ಮುಸ್ಲಿಂ ಲೀಗಿನದು, ‘ವೀಕ್ಷಣಂ’ ಕಾಂಗ್ರೆಸ್ಸಿನದು ಎಂದು ಎಲ್ಲರಿಗೂ ಗೊತ್ತು. ಓದುಗರು ಚೀಲದ ತೂಕ ಕಳೆದೇ ಲೆಕ್ಕ ಹಾಕುತ್ತಾರೆ. ಆದರೆ ಎಂಬತ್ತು ದಾಟಿದ ನನ್ನ ತಂದೆಯವರು ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಓದಲಾರರು. ಬೆಳಿಗ್ಗೆ ಒಂದು ಕನ್ನಡ ಪತ್ರಿಕೆ, ಮಧ್ಯಾಹ್ನ ಫೋನಿಗೆ ಬರುವ ವಿಡಿಯೋ, ಸಂಜೆ ಬೆಂಗಳೂರಿನ ಚಾನೆಲ್ಲಿನ ಚರ್ಚೆ. ಇವುಗಳ ಮೇಲೆ ಯಾವ ಪಕ್ಷದ ಹೆಸರೂ ಬರೆದಿರುವುದಿಲ್ಲ.

ಹೀಗಾಗಿ ಅವರು ಮತ ಹಾಕುವುದು ಮಂಜೇಶ್ವರ ಕ್ಷೇತ್ರದಲ್ಲಿ, ಕೋಪ ಬರುವುದು ಬೆಂಗಳೂರಿನ ಜಗಳಕ್ಕೆ! ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ನಮ್ಮ ಕಣ್ಣೆದುರಿನ ಸಂಗತಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿತು. ಮತ ಕೇಳಲು ಬಂದವರಲ್ಲಿ ತಂದೆಯವರು ಇದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ನಲುವತ್ತು ವರ್ಷಗಳಿಂದ ನಮ್ಮ ಅಂಗಡಿಗೆ ಅಡಿಕೆ ತರುವ ನೆರೆಯ ಹಿರಿಯರೊಬ್ಬರಿದ್ದಾರೆ. ಅವರ ಮನೆಯಲ್ಲಿ ಇನ್ನೊಂದು ಪಕ್ಷದ ಮಲಯಾಳ ಚಾನೆಲ್ಲು. ಲೆಕ್ಕದಲ್ಲಿ ಒಂದು ರೂಪಾಯಿಗೂ ತಕರಾರಾಗದ ಈ ಇಬ್ಬರು, ಕಳೆದ ಚುನಾವಣೆಯ ನಂತರ ಒಟ್ಟಿಗೆ ಚಹಾ ಕುಡಿಯುವುದನ್ನೇ ಬಿಟ್ಟರು. ಚಾನೆಲ್ಲಿನವರಿಗೆ ಇದರಿಂದ ನಷ್ಟವಿಲ್ಲ. ನಷ್ಟ ನಮ್ಮ ಜಗಲಿಗೆ.

2016ರಲ್ಲಿ ಮಂಜೇಶ್ವರದ ಫಲಿತಾಂಶ ಕೇವಲ 89 ಮತಗಳಿಂದ ನಿರ್ಧಾರವಾಯಿತು. ಹಿರಿಯರ ಒಂದೊಂದು ಮತಕ್ಕೂ ಬೆಲೆಯಿದೆ. ಆದ್ದರಿಂದ ಅವರನ್ನು ಗದರಿಸುವುದು, ಟಿವಿ ಆರಿಸುವುದು ಪರಿಹಾರವಲ್ಲ. ನಾವು ಮನೆಗೆ ಎರಡನೆಯ ಪತ್ರಿಕೆ ತರಿಸಿದೆವು. ಶಾಲೆಯಲ್ಲಿ ಮಲಯಾಳ ಕಲಿತ ಮಗಳು ಊರಿನ ಸುದ್ದಿಯನ್ನು ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳುತ್ತಾಳೆ. “ಇದು ಯಾರು ಹೇಳಿದ್ದು? ಮತ್ತೊಬ್ಬರು ಏನೆನ್ನುತ್ತಾರೆ?” ಎಂದು ಈಗ ಅವರೇ ಕೇಳುತ್ತಾರೆ. ಅನೇಕಾಂತವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಮಗೆ ಇದು ಹೊಸ ಪಾಠವೇನಲ್ಲ.

ತಂದೆಯವರ ಪಕ್ಷ ಬದಲಾಗಿಲ್ಲ. ಬದಲಾಗಬೇಕೆಂಬುದು ನಮ್ಮ ಉದ್ದೇಶವೂ ಅಲ್ಲ. ಆದರೆ ಮೊನ್ನೆ ಪಂಚಾಯತಿನ ಕುಡಿಯುವ ನೀರಿನ ಸುದ್ದಿ ಕೇಳಿದವರು, “ಅವರ ಬಾವಿಯಲ್ಲಿ ನೀರು ಹೇಗಿದೆಯೋ, ವಿಚಾರಿಸು” ಎಂದರು. ಬಂಧುಗಳು ತಮ್ಮ ಮನೆಗಳಲ್ಲಿಯೂ ಹೀಗೊಮ್ಮೆ ಪ್ರಯತ್ನಿಸಿ ನೋಡಬಹುದು.