ಹೆಜ್ಜೆಯ ಸಾಧನೆ

ಶಿಖರವನ್ನು ಕಂಡು ಬೆರಗಾಗುವವರು ಹಲವರು. ಅದರ ಬುಡದಲ್ಲಿ ಸವೆದ ದಿನಗಳನ್ನು ನೆನೆಯುವವರು ವಿರಳ.

ಉತ್ತರ ಪ್ರದೇಶದ ಅರುಣಿಮಾ ಸಿನ್ಹಾ ವಾಲಿಬಾಲ್ ಪಟು. 2011ರ ಏಪ್ರಿಲ್ ತಿಂಗಳ ಒಂದು ರಾತ್ರಿ, ಕೊರಳ ಸರಕ್ಕೆ ಕೈಹಾಕಿದ ಕಳ್ಳರನ್ನು ಎದುರಿಸಿದ ಆಕೆಯನ್ನು ಅವರು ಓಡುತ್ತಿದ್ದ ರೈಲಿನಿಂದ ಹೊರದಬ್ಬಿದರು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಬಲಗಾಲಿನ ಮುರಿದ ಎಲುಬಿಗೆ ಲೋಹದ ಸರಳು ಆಸರೆಯಾಯಿತು. ದೆಹಲಿಯ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಎವರೆಸ್ಟ್ ಏರುವ ಸಂಕಲ್ಪ ಮೂಡಿತು.

ಸಂಕಲ್ಪ ಒಂದು ಕ್ಷಣದ್ದು, ಸಾಧನೆ ದಿನದಿನದ್ದು. 1984ರಲ್ಲಿ ಎವರೆಸ್ಟ್ ಏರಿದ ಪ್ರಥಮ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅವರು ಆಕೆಗೆ ಗುರುವಾಗಿ ದೊರೆತರು. ಉತ್ತರಕಾಶಿಯ ತರಬೇತಿಯ ಆರಂಭದಲ್ಲಿ, ಇತರರು ಕೆಲವೇ ನಿಮಿಷಗಳಲ್ಲಿ ಕ್ರಮಿಸುತ್ತಿದ್ದ ದಾರಿ ಆಕೆಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಕೃತಕ ಕಾಲು ಒತ್ತಿದೆಡೆ ಚರ್ಮ ಸುಲಿದು ರಕ್ತ ಒಸರುತ್ತಿತ್ತು. ನೆಲದ ಸ್ಪರ್ಶವನ್ನೇ ಅರಿಯದ ಆ ಕಾಲನ್ನು ನಂಬಿ ಭಾರ ಹಾಕುವುದನ್ನು ಮನಸ್ಸು ಹೊಸದಾಗಿ ಕಲಿಯಬೇಕಿತ್ತು. ತಿಂಗಳುಗಳು ಉರುಳಿದಂತೆ ಬೆನ್ನಿನ ಹೊರೆ ಹೆಚ್ಚಿತು. ದಾರಿಗೆ ತಗಲುವ ವೇಳೆ ಕುಗ್ಗಿತು.

2013ರ ಮೇ 21ರಂದು ಆಕೆ 8,848 ಮೀಟರ್ ಎತ್ತರದ ಆ ಶಿಖರದ ಮೇಲೆ ನಿಂತರು. ಕಾಲು ಕಳೆದುಕೊಂಡ ಮಹಿಳೆಯೊಬ್ಬರು ಅಲ್ಲಿಗೆ ತಲುಪಿದುದು ಅದೇ ಮೊದಲು.

ಲೋಕವು ಆ ಒಂದು ದಿನವನ್ನು ಕೊಂಡಾಡಿತು. ಆದರೆ ಎಲ್ಲರೂ ಮುಂದೆ ಸಾಗಿದ ಮೇಲೆಯೂ ಅರ್ಧದಾರಿಯಲ್ಲಿ ಹಿಂದಿರುಗದೆ ಒಬ್ಬಳೇ ನಡೆದು ಮುಗಿಸಿದ ಆ ಮೊದಲ ದಿನಗಳೇ ಜಯದ ತಳಹದಿ. ಗಾಯಗೊಂಡ ದೇಹವು ಬೇಡುವುದು ತಾಳ್ಮೆಯನ್ನು. ಇಂದು ಹಿಂದೆ ಉಳಿದೆನೆಂದು ನಾಚುವ ವಿದ್ಯಾರ್ಥಿಗೂ ಆ ನಡಿಗೆಯಲ್ಲಿ ಪಾಠವಿದೆ.