ಅಮ್ಮಿಯ ಫೋನಿಗೆ ಅಂಟಿಕೊಂಡ ಹಾಡು

ಕಳೆದ ಬಕ್ರೀದಿಗೆ ಮುಬಾರಕ್ ಹೇಳಲು ಕರೆ ಮಾಡಿದ ಮಾಮು, "ಆಪಾ, ಈ ವಯಸ್ಸಲ್ಲಿ ಇದೇನು ಶೌಕು?" ಎಂದು ನಕ್ಕರು. ಅಮ್ಮಿಯ ನಂಬರಿಗೆ ಕರೆ ಮಾಡಿದವರಿಗೆಲ್ಲ ಒಂದು ಸಿನಿಮಾ ಹಾಡು ಕೇಳಿಸುತ್ತಿತ್ತಂತೆ. ಬ್ಲೌಸ್ ಹೊಲಿಸುವ ಗಿರಾಕಿಗಳೂ ಕೇಳಿದ್ದರು. ಅಮ್ಮಿಗೇ ಇಷ್ಟವಿರಬೇಕು ಎಂದುಕೊಂಡು ಸುಮ್ಮನಿದ್ದರು. ಕಾಲರ್ ಟ್ಯೂನಿನ ವಿಶೇಷವೇ ಇದು: ದುಡ್ಡು ಕೊಡುವವರಿಗೆ ಅದು ಕೇಳಿಸುವುದೇ ಇಲ್ಲ.

ಮೂರು ತಿಂಗಳಿಂದ ಬ್ಯಾಲೆನ್ಸಿನಲ್ಲಿ ತಿಂಗಳಿಗೆ 30 ರೂಪಾಯಿ ಕಡಿತವಾಗುತ್ತಿತ್ತು. ನಮ್ಮ ಮನೆಯಲ್ಲಿ 30 ರೂಪಾಯಿ ಎಂದರೆ ಎರಡು ಬ್ಲೌಸಿಗೆ ಅಮ್ಮಿ ಕಾಜಾ ಮಾಡಿ ಹುಕ್ಕು ಹಚ್ಚಿದ ಕೂಲಿ. ಆದರೂ ಅಮ್ಮಿ "ಜಾನೇ ದೇ ಬೇಟಿ" ಎಂದರು. ನನಗೆ ಬಿಡಲು ಮನಸ್ಸಾಗಲಿಲ್ಲ. ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡವಳು ನಾನು. ಮನೆಯಲ್ಲೇ ಒಂದೂ ಉಪಯೋಗಕ್ಕೆ ಬಾರದಿದ್ದರೆ ಆ ಅಂಕ ಯಾತಕ್ಕೆ?

ಹಾಡು ನಿಲ್ಲಿಸುವುದು ಕಷ್ಟವಾಗಲಿಲ್ಲ. 155223ಕ್ಕೆ ಸ್ಟಾಪ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಕಳಿಸಿದರೆ ಸಾಕು, ಅದಕ್ಕೆ ದುಡ್ಡಿಲ್ಲ. ಕಷ್ಟವಾದದ್ದು ಹೋದ 90 ರೂಪಾಯಿ ವಾಪಸು ಕೇಳುವುದು.

198ಕ್ಕೆ ಕರೆ ಮಾಡಿದೆ. ಮೊದಲ ದಿನ ಮಾತಾಡಿದವರು "ನೋಡ್ತೀವಿ ಮೇಡಂ" ಎಂದು ಇಟ್ಟುಬಿಟ್ಟರು. ಮಾರನೆಯ ದಿನ ಮೊದಲೇ ಡಾಕೆಟ್ ನಂಬರ್ ಕೇಳಿದೆ. ಆ ನಂಬರ್ ಇಲ್ಲದಿದ್ದರೆ ನಾವು ದೂರು ಕೊಟ್ಟಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ನಂಬರ್ ಮೆಸೇಜಿನಲ್ಲಿ ಬಂತು. ಜೊತೆಗೆ ಉತ್ತರವೂ ಬಂತು: "ನಿಮ್ಮ ಮೊಬೈಲಿನಿಂದಲೇ ಒಪ್ಪಿಗೆ ಬಂದಿದೆ."

ಎಷ್ಟು ಹೊತ್ತಿಗೆ ಎಂದು ಕೇಳಿದೆ. ರಾತ್ರಿ 1 ಗಂಟೆ 12 ನಿಮಿಷ ಎಂದರು. ಅಮ್ಮಿ ಇಶಾ ನಮಾಜ್ ಮುಗಿಸಿ ಫೋನು ಆಫ್ ಮಾಡಿ ಮಲಗುವವರು. ಅಷ್ಟೇ ಅಲ್ಲ, ಟ್ರಾಯ್ 2013ರಲ್ಲಿ ಮಾಡಿದ ಆದೇಶದ ಪ್ರಕಾರ ಒಂದು ಸಲ ಒಪ್ಪಿದರೆ ಸಾಲದು. ಬೆಲೆ ತಿಳಿಸಿ, ಎರಡನೆಯ ಸಲ ಕೇಳಿ, ಅದಕ್ಕೂ ಹೂಂ ಎಂದ ಮೇಲೆಯೇ ಇಂಥ ಸೇವೆ ಶುರು ಮಾಡಬೇಕು. "ಆ ಎರಡನೆಯ ಒಪ್ಪಿಗೆ ತೋರಿಸಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಹಾಡಿಲ್ಲದ ಮೌನ. ಎರಡು ದಿನಕ್ಕೆ "ನಿಮ್ಮ ದೂರು ಬಗೆಹರಿದಿದೆ" ಎಂಬ ಮೆಸೇಜು. ಹಣದ ಸುದ್ದಿಯಿಲ್ಲ.

ಅಬ್ಬಾ, ಇನ್ನು ಸಾಕು ಎಂದರು. ಆದರೆ ದಾರಿ ಅಲ್ಲಿಗೆ ಮುಗಿದಿರಲಿಲ್ಲ. ಪ್ರತಿ ಕಂಪನಿಯಲ್ಲೂ ಒಂದು ಮೇಲ್ಮನವಿ ಪ್ರಾಧಿಕಾರ ಇರಬೇಕು, ಶುಲ್ಕವಿಲ್ಲದೆ ಮನವಿ ತೆಗೆದುಕೊಂಡು 39 ದಿನದೊಳಗೆ ತೀರ್ಮಾನ ಹೇಳಬೇಕು ಎಂದು 2012ರ ನಿಯಮವಿದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಫೋನು ಕಂಪನಿಯ ಮೇಲೂ ಅಲ್ಲಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ.

ಸಿಮ್ ಅಮ್ಮಿಯ ಹೆಸರಿನಲ್ಲಿದೆ, ಆದ್ದರಿಂದ ಮನವಿಯೂ ಅವರ ಹೆಸರಿನಲ್ಲೇ. ಅಮ್ಮಿ ಉರ್ದುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದೆ. "ನನ್ನ ಅನುಮತಿಯಿಲ್ಲದೆ" ಎಂಬ ಮಾತು ಬಂದಾಗ ನಿಲ್ಲಿಸಿ, "ಇದರ ಅರ್ಥವೇನು?" ಎಂದು ಕೇಳಿದರು. "ಬಗೈರ್ ಇಜಾಜತ್" ಎಂದೆ. "ಹಾಂ, ಅದನ್ನು ದೊಡ್ಡದಾಗಿ ಬರಿ" ಎಂದರು. ಕೆಳಗೆ ಉರ್ದುವಿನಲ್ಲಿ ನಿಧಾನವಾಗಿ ಸಹಿ ಹಾಕಿದರು. ರೇಷನ್ ಕಾರ್ಡಿನ ಅರ್ಜಿ ಬಿಟ್ಟರೆ ಅಮ್ಮಿ ಸಹಿ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಫೋಟೋ ತೆಗೆದು ಈಮೇಲಿನಲ್ಲಿ ಕಳಿಸಿದೆ.

26ನೆಯ ದಿನ 90 ರೂಪಾಯಿ ಬ್ಯಾಲೆನ್ಸಿಗೆ ಬಂತು. ತಪ್ಪಾಯಿತು ಎಂಬ ಮಾತೇನೂ ಇರಲಿಲ್ಲ. ಅಮ್ಮಿ ಮೂರು ಸಲ ಬ್ಯಾಲೆನ್ಸ್ ನೋಡಿ, ಮಾಮುವಿಗೆ ಕರೆ ಮಾಡಿ, ಅರ್ಧ ಗಂಟೆ ಮಾತಾಡಿದರು.

ಈಗ ಪಕ್ಕದ ಮನೆಯ ಖಾಲಾ ತಮ್ಮ ಫೋನು ತಂದಿದ್ದಾರೆ. ಅವರಿಗೆ ದಿನಾ ಕ್ರಿಕೆಟ್ ಸ್ಕೋರು ಬರುತ್ತದಂತೆ. ಅವರ ಡಾಕೆಟ್ ನಂಬರನ್ನು ಅಕೌಂಟೆನ್ಸಿ ನೋಟ್ಸಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ.