ನಿಂತಾಗಲೂ ಇರಬೇಕಾದ ಎಚ್ಚರ

ದಾರಿಯ ಅಪಾಯವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ವೇಗ. ಹರೆಯದ ಹುಡುಗರು ಗಾಳಿಯನ್ನು ಸೀಳಿಕೊಂಡು ಹೋಗುವುದನ್ನು ಕಂಡು ಹಿರಿಯರು ಗದರುತ್ತಾರೆ. ತಾಯಂದಿರು ಬಾಗಿಲಲ್ಲಿ ನಿಂತು ‘ಸಾವಕಾಶ ಹೋಗಪಾ’ ಎಂದು ಬೇಡಿಕೊಳ್ಳುತ್ತಾರೆ. ಅದು ಸರಿಯಾದುದೇ. ಆದರೆ ‘ನಿಂತಾಗ ಜೋಕೆ’ ಎಂದು ಯಾವ ತಾಯಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಕೆಂಪು ದೀಪವನ್ನು ಕಂಡು ಬೈಕು ನಿಲ್ಲಿಸಿ ಎರಡೂ ಕಾಲುಗಳನ್ನು ನೆಲಕ್ಕೂರಿದ ಕೂಡಲೇ ಸವಾರನ ಚಿತ್ತವು ಬೇರೆಲ್ಲಿಗೋ ಹೊರಟುಹೋಗುತ್ತದೆ. ಕೈ ಜೇಬಿನ ಮೊಬೈಲನ್ನು ಹುಡುಕುತ್ತದೆ. ತನ್ನ ಸವಾರಿ ತಾತ್ಕಾಲಿಕವಾಗಿ ಮುಗಿಯಿತೆಂದು ಅವನು ತಿಳಿಯುತ್ತಾನೆ. ಹಿಂದಿನಿಂದ ಬರುತ್ತಿರುವವನ ಸವಾರಿ ಮಾತ್ರ ಇನ್ನೂ ಮುಗಿದಿರುವುದಿಲ್ಲ.

ನನ್ನ ತಂಗಿಯ ಮಗ ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ದುರಸ್ತಿಯ ಕಾಯಕದಲ್ಲಿದ್ದಾನೆ. ದುಡಿದು ಉಣ್ಣುವ, ನಿಯಮವನ್ನು ಮೀರದ ಹುಡುಗ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅವನು ಸಿಗ್ನಲ್ಲಿನಲ್ಲಿ ಒಂದು ಬಸ್ಸಿನ ಹಿಂದೆ ನಿಂತಿದ್ದಾಗ ಸರಕು ತುಂಬಿದ ಟೆಂಪೋ ಹಿಂದಿನಿಂದ ಗುದ್ದಿತು. ಬಸ್ಸಿಗೂ ಟೆಂಪೋಗೂ ನಡುವೆ ಬೈಕು ಅಪ್ಪಚ್ಚಿಯಾಯಿತು. ತಲೆಯನ್ನು ಹೆಲ್ಮೆಟ್ ಕಾಯ್ದಿತು. ಬಲಗಾಲಿನ ಮೊಣಕಾಲನ್ನು ಕಾಯುವುದು ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅವನು ನನ್ನನ್ನು ಕೇಳಿದ್ದು ಒಂದೇ ಮಾತು: “ಮಾಮಾ, ನಾ ಸುಮ್ನ ನಿಂತಿದ್ದೆನಲ್ಲರೀ, ನಂದೇನ್ ತಪ್ಪು?”

“ನಿಂದೇನೂ ತಪ್ಪಿಲ್ಲಪಾ” ಎಂದೆ. ಕಾನೂನು ಕೂಡ ಹಾಗೆಯೇ ಹೇಳಿತು. ಆದರೆ ಕಾನೂನಿನ ಮಾತಿನಿಂದ ಮೊಣಕಾಲು ಮಡಚಲು ಬರುವುದಿಲ್ಲ. ಮೋಟಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದವನು ಈಗ ಸ್ಟೂಲು ಹಾಕಿಕೊಂಡು ಕೆಲಸ ಮಾಡುತ್ತಾನೆ. ಬಾವಿಗೆ ಇಳಿಯುವ ಕೆಲಸವನ್ನು ಬಿಟ್ಟಿದ್ದಾನೆ.

ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ನೂರಕ್ಕೆ ಸುಮಾರು 44 ಜನ ದ್ವಿಚಕ್ರ ವಾಹನದವರು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಟೆಂಪೋ ಒಂದು ಸೆಕೆಂಡಿನಲ್ಲಿ 11 ಮೀಟರ್ ಕ್ರಮಿಸುತ್ತದೆ. ಅದರ ಚಾಲಕನು ಎರಡೇ ಸೆಕೆಂಡು ಮೊಬೈಲನ್ನು ನೋಡಿದನೆಂದರೆ 22 ಮೀಟರ್ ಕುರುಡಾಗಿ ಬಂದಂತಾಯಿತು. ಅಷ್ಟರೊಳಗೆ ನಿಂತವನು ಏನಾದರೂ ಮಾಡಿಕೊಳ್ಳಬೇಕಾದರೆ ಅವನ ಬಂಡಿ ಮೊದಲೇ ಸಿದ್ಧವಾಗಿರಬೇಕು.

ಈ ಸಿದ್ಧತೆ ಎಂತಹುದೆಂಬುದನ್ನು ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇನೆ. ಮುಂದಿನ ವಾಹನಕ್ಕೆ ಅಂಟಿಕೊಂಡು ನಿಲ್ಲಬಾರದು. ಅದರ ಹಿಂದಿನ ಗಾಲಿಗಳು ನೆಲವನ್ನು ಮುಟ್ಟಿರುವ ಜಾಗ ನಮ್ಮ ಕಣ್ಣಿಗೆ ಕಾಣುವಷ್ಟು ಅಂತರವಿರಬೇಕು. ಅದರ ನಟ್ಟನಡುವೆ ನಿಲ್ಲದೆ ತುಸು ಬದಿಗೆ ಸರಿದು ನಿಂತರೆ ಪಾರಾಗಲು ಒಂದು ಸಂದು ಉಳಿಯುತ್ತದೆ. ಮೊದಲನೆಯ ಗೇರಿನಲ್ಲಿಟ್ಟು ಕ್ಲಚ್ ಹಿಡಿದುಕೊಂಡು, ಎಡಗಾಲನ್ನು ನೆಲಕ್ಕೂರಿ ಬಲಗಾಲನ್ನು ಬ್ರೇಕಿನ ಮೇಲಿಟ್ಟರೆ ಹಿಂದಿನ ಕೆಂಪು ದೀಪ ಉರಿಯುತ್ತಿರುತ್ತದೆ. ಆ ಬ್ರೇಕನ್ನು ಎರಡು ಮೂರು ಸಲ ಒತ್ತಿ ಬಿಟ್ಟರೆ ಮಿನುಗುವ ದೀಪವು ಮೈಮರೆತವನನ್ನೂ ಎಚ್ಚರಿಸೀತು. ಇಷ್ಟಾದ ಮೇಲೆ ಕಣ್ಣು ಕನ್ನಡಿಯ ಮೇಲಿರಬೇಕು. ನಮ್ಮ ತರುಣರು ಬೈಕಿನ ಅಂದಕ್ಕೆಂದು ಕನ್ನಡಿಗಳನ್ನು ಕಿತ್ತುಹಾಕುತ್ತಾರೆ. ಉಳಿಸಿಕೊಂಡವರು ತಲೆ ಬಾಚಿಕೊಳ್ಳಲು ಬಳಸುತ್ತಾರೆ. ಹಿಂದೆ ಒಂದು ವಾಹನ ಬಂದು ಪೂರ್ತಿ ನಿಂತಿತೆಂಬುದು ಖಚಿತವಾದ ಮೇಲೆ ನ್ಯೂಟ್ರಲ್ ಮಾಡಿ ಕೈಗೆ ವಿಶ್ರಾಂತಿ ಕೊಡಬಹುದು.

ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ ಪೆಟ್ರೋಲ್ ಉಳಿಸಿರೆಂಬ ಉಪದೇಶವೂ ಇದೆ. ಮಿತವ್ಯಯವನ್ನು ಮೆಚ್ಚುವವನೇ ನಾನು. ಆದರೂ ಸಾಲಿನಲ್ಲಿ ಕಟ್ಟಕಡೆಯವನಾಗಿ ನಿಂತಿರುವವನಿಗೆ ಈ ಉಪದೇಶ ಸಲ್ಲದು. ಅವನ ಹಿಂದೆ ಇನ್ನಿಬ್ಬರು ಬಂದು ನಿಲ್ಲಲಿ, ಆಮೇಲೆ ಆರಿಸಲಿ.

ಬಸ್ಸು ಲಾರಿಗಳ ಎಡಮಗ್ಗುಲಲ್ಲಿ ನುಸುಳಿ ಮುಂದೆ ಹೋಗಿ ನಿಲ್ಲುವ ಚಟವಂತೂ ಇನ್ನೂ ಕೆಟ್ಟದ್ದು. ಎತ್ತರದಲ್ಲಿ ಬಲಗಡೆ ಕುಳಿತ ಚಾಲಕನಿಗೆ ತನ್ನ ಎಡಮೂಲೆಯ ಕೆಳಗೆ ನಿಂತ ಬೈಕು ಕಾಣಿಸುವುದೇ ಇಲ್ಲ. ಹಸಿರು ದೀಪ ಬಂದು ಅವನು ಎಡಕ್ಕೆ ತಿರುಗಿದನೋ, ಉದ್ದನೆಯ ವಾಹನದ ಹಿಂದಿನ ಗಾಲಿಗಳು ಮುಂದಿನವು ಹೋದ ದಾರಿಯನ್ನು ಬಿಟ್ಟು ಮೂಲೆಯನ್ನು ಒತ್ತಿಕೊಂಡು ಬರುತ್ತವೆ. ಅಲ್ಲಿ ನಿಂತವನಿಗೆ ಹೋಗಲು ಎಡೆಯೇ ಇರುವುದಿಲ್ಲ.

ಇನ್ನು ಹಿಂದೆ ಕುಳಿತವರ ವಿಚಾರ. ಇದನ್ನು ನಮ್ಮ ಕುಟುಂಬಗಳು ತೀರ ಹಗುರವಾಗಿ ಕಂಡಿವೆ. ಸೀರೆಯುಟ್ಟ ಹೆಣ್ಣುಮಕ್ಕಳು ಎರಡೂ ಕಾಲುಗಳನ್ನು ಒಂದೇ ಕಡೆ ಇಳಿಬಿಟ್ಟು, ಮಡಿಲಲ್ಲಿ ಕೂಸನ್ನೋ ಕೈಚೀಲವನ್ನೋ ಹಿಡಿದು ಕುಳಿತಿರುತ್ತಾರೆ. ನಿಂತ ಬೈಕಿಗೆ ಹಿಂದಿನಿಂದ ಪೆಟ್ಟು ಬಿದ್ದಾಗ ಬಂಡಿ ಮುಂದಕ್ಕೆ ಚಿಮ್ಮುತ್ತದೆ, ಕುಳಿತವರು ಹಿಂದಕ್ಕೆ ಬೀಳುತ್ತಾರೆ. ಮೊದಲು ನೆಲವನ್ನು ಮುಟ್ಟುವುದು ತಲೆಯ ಹಿಂಭಾಗ. ಆದುದರಿಂದ ಬಂಡಿ ನಿಂತಾಗಲೂ ಹಿಂದಿನ ಹಿಡಿಕೆಯಿಂದ ಕೈ ತೆಗೆಯಬಾರದು. ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಅದನ್ನು ವಿಧಿಸಿದೆ. ಮದುವೆಯಲ್ಲಿ ಅಳಿಯನಿಗೆ ಬೈಕು ಕೊಡಿಸುವ ಬೀಗರನ್ನು ಬೇಕಾದಷ್ಟು ಕಂಡಿದ್ದೇನೆ (ಆ ಪದ್ಧತಿಯೇ ನನಗೆ ಸೇರದು). ಮಗಳ ತಲೆಗೊಂದು ಐ.ಎಸ್.ಐ. ಗುರುತಿನ ಹೆಲ್ಮೆಟ್ ಕೊಡಿಸಿದ ತಂದೆಯನ್ನು ಕಂಡಿಲ್ಲ. ಕೊಡಿಸಿದರೂ ಸಿಗ್ನಲ್ ಬಂದೊಡನೆ ಸೆಕೆಯೆಂದು ಅದರ ಪಟ್ಟಿಯನ್ನು ಬಿಚ್ಚುವವರೇ ಬಹಳ. ಪಟ್ಟಿ ಬಿಗಿಯದ ಹೆಲ್ಮೆಟ್ ಪೆಟ್ಟು ಬಿದ್ದಾಗ ತಲೆಗಿಂತ ಮೊದಲು ತಾನೇ ಹಾರಿಹೋಗುತ್ತದೆ.

ಹಳ್ಳಿಯ ಕಡೆಯ ಓದುಗರು ಇದೆಲ್ಲ ಪಟ್ಟಣದ ಮಾತೆಂದು ಕಡೆಗಣಿಸಬಾರದು. ಕಬ್ಬಿನ ಕಾಲದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ದಾರಿಗಳಲ್ಲಿ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು ಕಟ್ಟಿಕೊಂಡು ಹೋಗುತ್ತಾರೆ. ಏರಿನಲ್ಲಿ ಅವು ನಿಂತಾಗ ಹಿಂದಕ್ಕೆ ಜಾರುವುದುಂಟು, ಹೇರು ಕಳಚಿ ಬೀಳುವುದೂ ಉಂಟು. ಅವುಗಳ ಬೆನ್ನಿಗೆ ಬೈಕು ನಿಲ್ಲಿಸಬೇಡಿರಿ. ನಮ್ಮ ಬೈಕಿಗೂ ಮೇವಿನ ಹೊರೆ ಕಟ್ಟಿದಾಗ ಹಿಂದಿನ ದೀಪ ಮುಚ್ಚಿಹೋಗುತ್ತದೆ. ಹೊರಡುವ ಮೊದಲು ಒಮ್ಮೆ ಹಿಂದೆ ಹೋಗಿ ನೋಡಿರಿ.

ರೈಲ್ವೆ ಗೇಟು ಮುಚ್ಚಿದಾಗಿನ ನೋಟವಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಎಡಗಡೆ ಸಾಲು ಬೆಳೆದಂತೆ ಬೈಕಿನವರು ಒಬ್ಬೊಬ್ಬರಾಗಿ ಬಲಕ್ಕೆ ಬಂದು ದಾರಿ ತುಂಬ ನಿಲ್ಲುತ್ತಾರೆ. ಆಚೆ ದಂಡೆಯವರೂ ಹಾಗೆಯೇ ನಿಂತಿರುತ್ತಾರೆ. ಗೇಟು ಎದ್ದಾಗ ಎರಡು ಪಡೆಗಳು ಹಳಿಯ ಮೇಲೆಯೇ ಎದುರುಬದುರಾಗಿ ಸಿಕ್ಕಿಕೊಳ್ಳುತ್ತವೆ. ನಡುವೆ ಸಿಕ್ಕವರು ಮುಂದೆಯೂ ಹೋಗಲಾರರು, ಹಿಂದೆಯೂ ಸರಿಯಲಾರರು. ಎಡಗಡೆಯ ಸಾಲಿನಲ್ಲಿ ಸುಮ್ಮನೆ ನಿಂತಿದ್ದವರು ಆ ಗದ್ದಲವನ್ನು ನೋಡುತ್ತಲೇ ಹಳಿ ದಾಟಿ ಹೋಗಿರುತ್ತಾರೆ.